ಸಂಜೆ ಐದರ ಒಳಗೆ

(ಘಟ್ಟದ ಬುಡ, ಸುಳ್ಯ ತಾಲ್ಲೂಕಿನ ಕಡೆಯ ಒಂದು ತೋಟದ ಮನೆ. ಮಾತಾಡುವವರು ಅಡಿಕೆ ಕೃಷಿಕರಾದ ದೊಡ್ಡಪ್ಪ, ಹವಾಮಾನ ಮಾದರಿಗಳ ಮೇಲೆ ಕೆಲಸ ಮಾಡುವ ಅವರ ತಮ್ಮನ ಮಗಳು, ನಡುವೆ ದೊಡ್ಡಮ್ಮ.)

ದೊಡ್ಡಪ್ಪ: ನಿನ್ನಲ್ಲಿ ಒಂದು ಕೇಳಬೇಕು ಅಂತ ಇತ್ತು. ಕಳೆದ ಗುರುವಾರ ಇಡೀ ಜಿಲ್ಲೆಗೆ ರೆಡ್ ಅಲರ್ಟ್. ಶಾಲೆಗೆ ರಜೆ. ಅಡಿಕೆಗೆ ಎರಡನೇ ಮದ್ದು ಬಿಡಲು ಜನ ಬರುತ್ತೇವೆ ಅಂದಿದ್ದರು, ಅವರಿಗೂ ಬೇಡ ಅಂತ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿದರೆ 22 ಮಿಲಿಮೀಟರ್. ಆಟಿ ತಿಂಗಳ ಜೋರು ಮಳೆಯ ಕಾಲದಲ್ಲಿ 22 ಅಂದರೆ ಅಂಗಳ ಒದ್ದೆಯಾಯಿತು, ಅಷ್ಟೇ. ಅದರ ಹಿಂದಿನ ವಾರ ಹಳದಿ ಬಣ್ಣ ಹಾಕಿದ್ದ ದಿನ 148 ಸುರಿದಿದೆ. ಎರಡನ್ನೂ ಪುಸ್ತಕದಲ್ಲಿ ಬರೆದಿದ್ದೇನೆ. ಇನ್ನು ಈ ಬಣ್ಣಗಳನ್ನು ನಾನು ಯಾಕೆ ನಂಬಬೇಕು?

ಮಗಳು: ಗುರುವಾರ ಜಿಲ್ಲೆಯ ಬೇರೆ ಕಡೆ ಎಷ್ಟು ಬಂತು?

ದೊಡ್ಡಪ್ಪ: ಮೂಡುಬಿದಿರೆ ಕಡೆ ಜೋರಂತೆ. ಇನ್ನೂರು ದಾಟಿತು ಅಂತ ನಮ್ಮ ಮಳೆ ಗುಂಪಿನಲ್ಲಿ ಒಬ್ಬರು ಹಾಕಿದ್ದರು.

ಮಗಳು: ಹಾಗಾದರೆ ಜಿಲ್ಲೆಯ ಮಟ್ಟಿಗೆ ಎಚ್ಚರಿಕೆ ಸರಿಯೇ ಆಯಿತಲ್ಲ ದೊಡ್ಡಪ್ಪ.

ದೊಡ್ಡಪ್ಪ: ಜಿಲ್ಲೆಯ ಮಟ್ಟಿಗೆ ಸರಿ, ನನ್ನ ಮಟ್ಟಿಗೆ ತಪ್ಪು. ನಾನಿರುವುದು ಜಿಲ್ಲೆಯಲ್ಲಲ್ಲ ಮಗಳೇ, ಈ ಗುಡ್ಡದ ಬುಡದಲ್ಲಿ.

ಮಗಳು: ಒಪ್ಪಿದೆ. ಆದರೆ ಮಳೆಯ ಸ್ವಭಾವವೇ ಹಾಗೆ. 2005ರ ಜುಲೈ 26ಕ್ಕೆ ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಬಿತ್ತು. ಅದೇ ಮುಂಬೈಯ ದಕ್ಷಿಣ ತುದಿಯ ಕೊಲಾಬಾದಲ್ಲಿ 73. ಆ ದಿನ ‘ಮುಂಬೈಗೆ ಇಷ್ಟು’ ಅಂತ ಯಾವ ಸಂಖ್ಯೆ ಹೇಳಿದ್ದರೂ ಒಂದು ಕಡೆಯವರಿಗೆ ಅದು ಸುಳ್ಳಾಗುತ್ತಿತ್ತು. ಒಂದು ಊರಿನೊಳಗೇ ಹೀಗೆ. ನಮ್ಮ ಜಿಲ್ಲೆಯಾದರೋ ಕಡಲಿನಿಂದ ಘಟ್ಟದ ನೆತ್ತಿಯವರೆಗೆ ಉಂಟು.

ದೊಡ್ಡಪ್ಪ: ಇಷ್ಟು ಕಂಪ್ಯೂಟರ್, ಇಷ್ಟು ಉಪಗ್ರಹ ಇದ್ದೂ ಹೋಬಳಿ ಹೋಬಳಿಗೆ ಹೇಳಲು ಆಗುವುದಿಲ್ಲವಾ?

ಮಗಳು: ಹತ್ತಿರ ಬರುತ್ತಾ ಇದ್ದೇವೆ. ನಮ್ಮ ದೇಶದ ಜಾಗತಿಕ ಮಾದರಿ ಇತ್ತೀಚಿನವರೆಗೂ ಭೂಮಿಯನ್ನು 12 ಕಿ.ಮೀ. ಚೌಕಗಳಾಗಿ ನೋಡುತ್ತಿತ್ತು. ಪುಣೆಯ ಐಐಟಿಎಂ ಸಂಸ್ಥೆಯವರು ಮಾಡಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇ ತಿಂಗಳಲ್ಲಿ ಬಂದ ಮೇಲೆ ಅದು 6 ಕಿ.ಮೀ. ಆಯಿತು. ದೊಡ್ಡ ಸಾಧನೆಯೇ. ಆದರೂ ಆರು ಕಿಲೋಮೀಟರಿನ ಒಂದು ಚೌಕದೊಳಗೆ ನಿಮ್ಮ ತೋಟ, ಕೆಳಗಿನ ಹೊಳೆ, ಮೇಲಿನ ಗುಡ್ಡ, ಅದರಾಚೆಯ ಕಣಿವೆ ಎಲ್ಲ ಒಟ್ಟಿಗೇ ಬಂದುಬಿಡುತ್ತವೆ. ಮಾದರಿಗೆ ಅಷ್ಟೂ ಒಂದೇ ಎತ್ತರದ ನೆಲ. ಘಟ್ಟಕ್ಕೆ ಮೋಡ ಹೊಡೆದು ಯಾವ ಸಂದಿನಲ್ಲಿ ಸುರಿಯುತ್ತದೆ ಅಂತ ಹೇಳಲು ಆ ಕಣ್ಣು ಸಾಲದು.

ದೊಡ್ಡಪ್ಪ: ರಾಡಾರ್ ಅಂತ ಹೇಳುತ್ತಾರಲ್ಲ?

ಮಗಳು: ರಾಡಾರಿನ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ಇನ್ನೂರೈವತ್ತು ಕಿ.ಮೀ. ದೂರ ಹೋಗುವಾಗ ಕಿರಣ ನೆಲದಿಂದ ಐದು ಕಿ.ಮೀ.ಗೂ ಎತ್ತರದಲ್ಲಿರುತ್ತದೆ. ಘಟ್ಟದ ಆಟಿ ಮಳೆ ಹೆಚ್ಚಾಗಿ ತಗ್ಗು ಮೋಡದ್ದು, ಕಿರಣ ಅದರ ತಲೆಯ ಮೇಲಿಂದ ದಾಟಿ ಹೋಗುತ್ತದೆ. ನಡುವೆ ಬೆಟ್ಟ ಅಡ್ಡ ಬಂದರೆ ಅದರ ಹಿಂದಿನದ್ದು ಕಾಣುವುದೇ ಇಲ್ಲ. ಬಯಲುಸೀಮೆಯ ಗುಡುಗು ಮೋಡವನ್ನು ದೂರದಿಂದ ಹಿಡಿಯುವ ರಾಡಾರ್ ಇಲ್ಲಿ ಅಷ್ಟು ಉಪಯೋಗಕ್ಕೆ ಬರಬೇಕಾದರೆ ಹತ್ತಿರವೇ ಇರಬೇಕು.

ದೊಡ್ಡಪ್ಪ: ಸರಿ. ಮತ್ತೊಂದು ವಿಚಾರ ಉಂಟು. ಭಾರಿ ಮಳೆ ಅಂದರೆ 64.5ರಿಂದ ಮೇಲೆ, ಅತಿ ಭಾರಿ ಅಂದರೆ 115.6ರಿಂದ ಮೇಲೆ, 204.4 ದಾಟಿದರೆ ಅತ್ಯಂತ ಭಾರಿ. ಈ ಲೆಕ್ಕ ನನಗೆ ಬಾಯಿಪಾಠ. ಇದು ಆಗುಂಬೆಗೂ ಅಷ್ಟೇ, ಕಲಬುರಗಿಗೂ ಅಷ್ಟೇ. ಕಲಬುರಗಿಯಲ್ಲಿ ಒಂದು ದಿನ 120 ಬಿದ್ದರೆ ಊರು ಮುಳುಗೀತು. ಇಲ್ಲಿ 120 ಬಿದ್ದ ದಿನ ನಾವು ಮದುವೆಗೆ ಹೋಗಿ ಬಂದಿದ್ದೇವೆ.

ಮಗಳು: ಅದು ನಿಜವಾದ ಕೊರತೆ. ಈಗ ಬಣ್ಣ ಕೊಡುವಾಗ ಮಿಲಿಮೀಟರ್ ಒಂದನ್ನೇ ನೋಡುವುದಿಲ್ಲ, ಎಷ್ಟು ಸಂಭವ, ಬಂದರೆ ಅಲ್ಲಿ ಎಷ್ಟು ಹಾನಿ ಅಂತಲೂ ನೋಡಬೇಕು ಎಂಬ ಪದ್ಧತಿ ಉಂಟು. ಆದರೆ ಹಾನಿಯ ಲೆಕ್ಕ ಹಾಕಲು ನೆಲದ ವಿಷಯ ಗೊತ್ತಿರಬೇಕು. ಮೊದಲೇ ಎಷ್ಟು ಮಳೆ ಕುಡಿದ ನೆಲ, ಯಾರು ಎಲ್ಲಿ ಧರೆ ಕಡಿದು ಮನೆ ಕಟ್ಟಿದ್ದಾರೆ, ಯಾವ ತೋಡಿಗೆ ಮೋರಿ ಚಿಕ್ಕದಾಯಿತು. ಇದು ಆಕಾಶ ನೋಡುವವರ ಹತ್ತಿರ ಇರುವ ಮಾಹಿತಿ ಅಲ್ಲ.

ದೊಡ್ಡಪ್ಪ: ಹಾಗಾದರೆ ನಾನು ಹೇಳಿದ್ದೇ ಸರಿ. ಖಚಿತ ಇಲ್ಲದಿದ್ದರೆ ಸುಮ್ಮನಿರಲಿ. ದಿನಾ ಕೆಂಪು, ಕೇಸರಿ ಅಂತ ಹೇಳಿ ಹೇಳಿ ಜನ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾರೆ.

ಮಗಳು: ಒಂದು ಕೇಳಲಾ? ಮದ್ದು ಬಿಡಬೇಕೋ ಬೇಡವೋ ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ?

ದೊಡ್ಡಪ್ಪ: ಅದು ದಿನದ ಮೇಲೆ ಹೋಗುತ್ತದೆ. ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ, ಎಲ್ಲ ಸೇರಿ ಸಣ್ಣ ಖರ್ಚಲ್ಲ. ಒಣಗುವ ಮೊದಲು ಮಳೆ ಹೊಡೆದರೆ ಅಷ್ಟೂ ತೊಳೆದು ಹೋಯಿತು. ಮೊದಲ ಮದ್ದು ಬಿಟ್ಟು ತಿಂಗಳೇ ಆಗಿದ್ದರೆ, ಆಕಾಶ ಸ್ವಲ್ಪ ಸಂಶಯ ಕಂಡರೂ ಬಿಡುವುದಿಲ್ಲ, ಕಾಯುತ್ತೇನೆ. ನಲುವತ್ತೈದು ದಿನ ದಾಟಿ, ಪಕ್ಕದ ತೋಟದಲ್ಲಿ ಕೊಳೆರೋಗ ಕಂಡಿದ್ದರೆ ಮಾತ್ರ ಒಂದು ಹೊಳವು ಸಿಕ್ಕಿದರೂ ಸಾಕು, ಬಿಟ್ಟೇ ಬಿಡುತ್ತೇನೆ. ಹೋದರೆ ಒಂದು ದಿನದ ಖರ್ಚು ಹೋಗಲಿ, ಇಡೀ ಫಸಲು ಉದುರಬಾರದು.

ಮಗಳು: ಆಕಾಶ ಅದೇ, ಸಂಶಯವೂ ಅಷ್ಟೇ, ಆದರೆ ಕಳೆದುಕೊಳ್ಳುವುದು ಎಷ್ಟು ಎಂಬುದರ ಮೇಲೆ ನಿಮ್ಮ ತೀರ್ಮಾನ ತಿರುಗಿತು. ಎಚ್ಚರಿಕೆ ಕೊಡುವವರ ಸ್ಥಿತಿಯೂ ಅದೇ. ಸುಮ್ಮನೆ ಹೇಳಿದರೆ ಒಂದು ದಿನದ ಕೂಲಿ, ಒಂದು ದಿನದ ಪಾಠ ಹೋಗುತ್ತದೆ. ಹೇಳದೆ ಇದ್ದು ಬಂದುಬಿಟ್ಟರೆ ಜೀವ ಹೋಗುತ್ತದೆ. ಎರಡನ್ನೂ ಸಮ ತೂಗಲು ಅವರಿಂದ ಆಗುವುದಿಲ್ಲ, ಆಗಬಾರದು ಕೂಡ.

ದೊಡ್ಡಪ್ಪ: ಅದಕ್ಕೂ ಒಂದು ಮಿತಿ ಬೇಕಲ್ಲ?

ಮಗಳು: ಬೇಕು. ಅಮೆರಿಕದಲ್ಲಿ ಸುಂಟರಗಾಳಿಗೆ ಕೊಡುವ ಎಚ್ಚರಿಕೆಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಹುಸಿ. ಹುಸಿ ಹೆಚ್ಚಾದ ಪ್ರದೇಶಗಳಲ್ಲಿ ನಿಜವಾದ ಗಾಳಿ ಬಂದಾಗ ಸಾವುನೋವು ಹೆಚ್ಚು ಅಂತ ಅಲ್ಲಿನ ಇಬ್ಬರು ಅರ್ಥಶಾಸ್ತ್ರಜ್ಞರು 2009ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಿಮ್ಮ ಮಾತಿಗೆ ಆಧಾರ ಉಂಟು. ಆದರೆ ಅಲ್ಲಿ ಎಚ್ಚರಿಕೆ ಕೊಡುವವರು ಹುಸಿಗೆ ಕಂಡುಕೊಂಡ ದಾರಿ ಬಾಯಿ ಮುಚ್ಚುವುದಲ್ಲ. 2007ರಿಂದ ಕೌಂಟಿ ಪೂರ್ತಿಗೆ ಎಚ್ಚರಿಕೆ ಕೊಡುವುದನ್ನು ಬಿಟ್ಟು, ಗಾಳಿ ಹೋಗುವ ದಾರಿಗೆ ತಕ್ಕ ಹಾಗೆ ನಕ್ಷೆಯಲ್ಲಿ ಗೆರೆ ಎಳೆದು, ಆ ಗೆರೆಯ ಒಳಗಿನವರಿಗೆ ಮಾತ್ರ ಹೇಳಲು ಶುರು ಮಾಡಿದರು. ಹೇಳುವ ಜಾಗ ಕಿರಿದಾದರೆ ಹುಸಿಯೂ ಕಡಿಮೆ ಜನರಿಗೆ ಮುಟ್ಟುತ್ತದೆ.

ದೊಡ್ಡಪ್ಪ: ನಮ್ಮವರು ಯಾವತ್ತಾದರೂ ಸರಿಯಾಗಿ ಹೇಳಿದ್ದುಂಟಾ?

ಮಗಳು: ಉಂಟು, ಮತ್ತು ಅದನ್ನು ನಾವು ಹೇಳುವುದೇ ಕಡಿಮೆ ಎಂಬುದು ನನ್ನ ದೂರು. 1999ರ ಒಡಿಶಾ ಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂತು. ಗಾಳಿ ಗಂಟೆಗೆ 220 ಕಿ.ಮೀ. ಒಳಗೇ ಇರುತ್ತದೆ ಅಂತ ನಮ್ಮ ಹವಾಮಾನ ಇಲಾಖೆ ಹೇಳಿತು. ಅಮೆರಿಕದ ಕೇಂದ್ರ 300 ದಾಟಬಹುದು ಅಂದಿತು. ಟೀವಿಯಲ್ಲಿ ನಮ್ಮವರನ್ನು ಬಹಳ ಹೊತ್ತು ಪ್ರಶ್ನೆ ಮಾಡಿದರು. ಅವರು ತಮ್ಮ ಲೆಕ್ಕ ಬಿಡಲಿಲ್ಲ. ಗೋಪಾಲಪುರದ ಹತ್ತಿರ ಅದು ದಡ ಮುಟ್ಟುವಾಗ ನಮ್ಮವರ ಲೆಕ್ಕವೇ ಸರಿಯಾಗಿತ್ತು. ಅದಕ್ಕಿಂತ ದೊಡ್ಡ ವಿಷಯ, ಅಷ್ಟು ಹೊತ್ತಿಗೆ ಹತ್ತು ಲಕ್ಷದಷ್ಟು ಜನರನ್ನು ಕರಾವಳಿಯಿಂದ ಎಬ್ಬಿಸಿ ಆಗಿತ್ತು. 2019ರ ಫನಿಗೆ ಹನ್ನೆರಡು ಲಕ್ಷ ಜನರನ್ನು. ಸಾವಿರಗಳಲ್ಲಿ ಎಣಿಸುತ್ತಿದ್ದ ಸಾವು ಹತ್ತುಗಳಿಗೆ ಇಳಿಯಿತು. ಇಪ್ಪತ್ತು ವರ್ಷದಲ್ಲಿ ಇಂಥ ಬದಲಾವಣೆ ಜಗತ್ತಿನಲ್ಲಿ ಅಪರೂಪ.

ದೊಡ್ಡಪ್ಪ: ಕೇಳಿ ಸಂತೋಷವಾಯಿತು. ಆದರೆ ಚಂಡಮಾರುತ ನಾಲ್ಕು ದಿನ ಕಡಲ ಮೇಲೆ ಕಣ್ಣಿಗೆ ಕಾಣುತ್ತಾ ಬರುತ್ತದೆ. ಗುಡ್ಡ ಹಾಗೆ ಬರುವುದಿಲ್ಲ. ವಯನಾಡಿನಲ್ಲಿ ಎಂತಾಯಿತು ಹೇಳು.

ಮಗಳು: ಮುಂಡಕ್ಕೈ, ಚೂರಲ್‌ಮಲ. 2024ರ ಜುಲೈ 30. ನಡುರಾತ್ರಿ ಕಳೆದ ಮೇಲೆ ಮೊದಲ ಸಲ ಗುಡ್ಡ ಬಂತು, ಬೆಳಗಿನ ಜಾವಕ್ಕೆ ಮತ್ತೊಮ್ಮೆ. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಹಿಂದಿನ ಮಧ್ಯಾಹ್ನ ಆ ಜಿಲ್ಲೆಗೆ ಇದ್ದದ್ದು ಆರೆಂಜ್ ಅಲರ್ಟ್, ಅಂದರೆ 115ರಿಂದ 204 ಮಿ.ಮೀ. ನಿರೀಕ್ಷೆ. ಬಿದ್ದದ್ದು ನಲುವತ್ತೆಂಟು ಗಂಟೆಯಲ್ಲಿ 572. ರೆಡ್ ಅಲರ್ಟ್ ಬಂದದ್ದು 30ರ ಬೆಳಿಗ್ಗೆ, ಗುಡ್ಡ ಕುಸಿದ ಮೇಲೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂಕುಸಿತ ಬುಲೆಟಿನ್‌ನಲ್ಲಿ 30ರ ದಿನಕ್ಕೆ ಹಸಿರು ಬಣ್ಣ ಇತ್ತು ಅಂತ ಕೇರಳದ ಮುಖ್ಯಮಂತ್ರಿ ಹೇಳಿದರು. ನಾವು ಜುಲೈ 23ರಿಂದಲೇ ಎಚ್ಚರಿಸಿದ್ದೆವು, ರಕ್ಷಣಾ ತಂಡಗಳನ್ನೂ ಕಳಿಸಿದ್ದೆವು ಅಂತ ಕೇಂದ್ರದ ಗೃಹಮಂತ್ರಿ ರಾಜ್ಯಸಭೆಯಲ್ಲಿ ಹೇಳಿದರು.

ದೊಡ್ಡಪ್ಪ: ಯಾರು ಸರಿ?

ಮಗಳು: ಆ ಜಗಳದಲ್ಲಿ ನನಗೆ ಮನಸ್ಸಿಲ್ಲ ದೊಡ್ಡಪ್ಪ. ಒಂದು ವಾರ ಮೊದಲು ರಾಜ್ಯಕ್ಕೆ ಹೇಳಿದ್ದೂ, ಮರುದಿನ ಬೆಳಿಗ್ಗೆ ಜಿಲ್ಲೆಗೆ ಹೇಳಿದ್ದೂ ಮುಂಡಕ್ಕೈಯ ಲೈನ್‌ಮನೆಗಳಲ್ಲಿ ಮಲಗಿದ್ದ ತೋಟದ ಕೆಲಸದವರಿಗೆ ಉಪಯೋಗಕ್ಕೆ ಬರಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು. ಕಲ್ಪೆಟ್ಟದಲ್ಲಿ ಹ್ಯೂಮ್ ಪರಿಸರ ಕೇಂದ್ರ ಅಂತ ಒಂದು ಸಣ್ಣ ಸಂಸ್ಥೆ ಉಂಟು. ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಳೆಮಾಪಕ ಇಟ್ಟು, ಊರಿನವರಿಂದಲೇ ದಿನಾ ಲೆಕ್ಕ ತರಿಸಿಕೊಳ್ಳುತ್ತಾರೆ. ನಿಮ್ಮ ಹಾಗೆ ಬರೆದಿಡುವ ಕೃಷಿಕರೇ. ಮುಂಡಕ್ಕೈಗೆ ಹತ್ತಿರದ ಅವರ ಮಾಪಕ ಇದ್ದದ್ದು ಪುತ್ತುಮಲದಲ್ಲಿ. 2019ರಲ್ಲಿ ಗುಡ್ಡ ಕುಸಿದದ್ದೂ ಅಲ್ಲಿಯೇ. ಆ ಮಾಪಕದಲ್ಲಿ ಭಾನುವಾರ 200 ಮಿ.ಮೀ., ರಾತ್ರಿ ಕಳೆಯುವಾಗ ಮತ್ತೆ 130. ಆ ನೆಲ ಎಷ್ಟು ಮಳೆ ತಡೆದೀತು ಅಂತ ಅವರಿಗೊಂದು ಅಂದಾಜಿತ್ತು. ಸೋಮವಾರ ಬೆಳಿಗ್ಗೆ, ಅಂದರೆ ಗುಡ್ಡ ಬರುವ ಹದಿನಾರು ಗಂಟೆ ಮೊದಲು, ಜಿಲ್ಲಾಡಳಿತಕ್ಕೆ ತಿಳಿಸಿದರು.

ದೊಡ್ಡಪ್ಪ: ಹದಿನಾರು ಗಂಟೆ!

ಮಗಳು: ಹೌದು. 2020ರಲ್ಲಿ ಅವರು ಹೀಗೇ ಹೇಳಿದ್ದಾಗ ಮುಂಡಕ್ಕೈಯ ಜನರನ್ನು ಮೊದಲೇ ಎಬ್ಬಿಸಿದ್ದರು, ಜೀವ ಉಳಿದಿತ್ತು. ಅಂದರೆ ದಾರಿ ಗೊತ್ತಿಲ್ಲದ್ದಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು ನಡೆದು ನೋಡಿದ ದಾರಿಯೇ.

ದೊಡ್ಡಪ್ಪ: ನೋಡು, ಇದನ್ನೇ ನಾನು ಹೇಳುವುದು. ಪ್ಲಾಸ್ಟಿಕ್ಕಿನ ಮಾಪಕ, ಒಂದು ಪುಸ್ತಕ, ಆ ಗುಡ್ಡವನ್ನು ಹತ್ತಿ ಇಳಿದ ಮನುಷ್ಯ. ಉಪಗ್ರಹಕ್ಕೆ ಕಾಣದ್ದು ಅವನಿಗೆ ಕಂಡಿತು.

ಮಗಳು: ಉಪಗ್ರಹವನ್ನು ದೂರಬೇಡಿ. ಮಳೆ ಬರುತ್ತದೆ ಅಂತ ಅದು ಹೇಳಿತ್ತು. ನೆಲ ಎಷ್ಟು ಕುಡಿದಿದೆ ಅಂತ ಹೇಳಿದ್ದು ಮಾಪಕ. ಎರಡೂ ಒಂದೇ ಮೇಜಿನ ಮೇಲೆ ಬರಬೇಕಿತ್ತು. ಬರಲಿಲ್ಲ, ಅಥವಾ ಬಂದರೂ ‘ಹೊರಡಿ’ ಅಂತ ಹೇಳುವ ಅಧಿಕಾರ ಇದ್ದವರು ಆ ಮೇಜಿನ ಹತ್ತಿರ ಇರಲಿಲ್ಲ.

ದೊಡ್ಡಮ್ಮ: ನಾನು ಆಗಿನಿಂದ ಕೇಳುತ್ತಾ ಇದ್ದೇನೆ. ಎಷ್ಟು ಮಿಲಿಮೀಟರ್ ಅಂತ ನೀವಿಬ್ಬರೂ ಮಾತಾಡುತ್ತೀರಿ. ಎಷ್ಟು ಹೊತ್ತಿಗೆ ಹೇಳಿದರು ಅಂತ ಒಬ್ಬರೂ ಸರಿಯಾಗಿ ಕೇಳಲಿಲ್ಲ.

ಮಗಳು: ಹೇಳಿದೆನಲ್ಲ ದೊಡ್ಡಮ್ಮ, ಹದಿನಾರು ಗಂಟೆ ಮೊದಲು.

ದೊಡ್ಡಮ್ಮ: ಆಫೀಸಿಗೆ ಹೇಳಿದ ಹೊತ್ತು ಅದು. ಮನೆಗೆ ಹೇಳುವ ಹೊತ್ತು ಬೇರೆ. ಆಟಿಯಲ್ಲಿ ಕತ್ತಲು ಬೇಗ, ಕರೆಂಟು ಇರುವುದಿಲ್ಲ, ತೋಡಿನ ಕಾಲುಸಂಕದ ಮೇಲೆ ನೀರು ಹೋಗುತ್ತಿರುತ್ತದೆ. ಮೇಲಿನ ಮನೆಯಲ್ಲಿ ಎದ್ದು ಕೂರಲಾಗದ ಅಜ್ಜಿ ಇದ್ದಾರೆ, ಕೆಳಗಿನ ಮನೆಯಲ್ಲಿ ಬಾಣಂತಿ. ರಾತ್ರಿ ಒಂಬತ್ತಕ್ಕೆ ಜೀಪು ತಂದು ಏಳಿ ಅಂದರೆ ಯಾರು ಏಳುತ್ತಾರೆ? ಆ ಹೊತ್ತಿನಲ್ಲಿ ಹೊರಗೆ ಕಾಲಿಡುವುದೇ ಹೆಚ್ಚು ಅಪಾಯ. ನನಗೆ ಸಂಜೆ ಐದರ ಒಳಗೆ ಹೇಳಿದರೆ ಅದು ಎಚ್ಚರಿಕೆ. ಆಮೇಲೆ ಹೇಳಿದ್ದು ಬರೀ ಸುದ್ದಿ.

ಮಗಳು: ದೊಡ್ಡಮ್ಮ, ನೀವು ಈಗ ಹೇಳಿದ್ದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಚ್ಚರಿಕೆ ಎಷ್ಟು ಮೊದಲು ಬಂತು ಅಂತ ಅಳೆಯುವಾಗ ಆಪತ್ತು ಬಂದ ಗಳಿಗೆಯಿಂದ ಹಿಂದಕ್ಕೆ ಎಣಿಸುತ್ತೇವೆ. ಉದಾಹರಣೆಗೆ, ಗುಡ್ಡ ಬಂದದ್ದು ಎರಡು ಗಂಟೆಗೆ, ಹೇಳಿದ್ದು ರಾತ್ರಿ ಹತ್ತಕ್ಕೆ, ಆದ್ದರಿಂದ ನಾಲ್ಕು ಗಂಟೆ ಮುಂಚಿತವಾಗಿ ಹೇಳಿದ್ದೇವೆ ಅಂತ ವರದಿ ಬರೆಯುತ್ತೇವೆ. ಎಣಿಸಬೇಕಾದ್ದು ಮನೆಯವರು ಹೊರಡಬಹುದಾದ ಕೊನೆಯ ಗಳಿಗೆಯಿಂದ. ಆ ಲೆಕ್ಕದಲ್ಲಿ ರಾತ್ರಿ ಹತ್ತರ ಎಚ್ಚರಿಕೆ ಐದು ಗಂಟೆ ತಡ.

ದೊಡ್ಡಪ್ಪ: ಶಾಲೆಯ ರಜೆಯೂ ಹಾಗೆಯೇ. ಬೆಳಿಗ್ಗೆ ಏಳೂವರೆಗೆ ಮಕ್ಕಳು ಬಸ್ಸು ಹತ್ತಿ ಆಗಿರುತ್ತದೆ, ಎಂಟಕ್ಕೆ ಡಿ.ಸಿ. ರಜೆ ಕೊಟ್ಟರು ಅಂತ ವಾಟ್ಸಾಪ್ ಬರುತ್ತದೆ. ಮಳೆಯಲ್ಲಿ ಮಕ್ಕಳು ಮತ್ತೆ ದಾರಿಯಲ್ಲಿ. ರಜೆ ಕೊಟ್ಟದ್ದು ಸರಿಯೇ, ಹೊತ್ತು ತಪ್ಪಿತು.

ಮಗಳು: ಸ್ಪೇನಿನ ವೇಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ಕ್ಕೆ ಇದೇ ಆಯಿತು, ಬಹಳ ದೊಡ್ಡ ಬೆಲೆಗೆ. ಅಲ್ಲಿನ ಹವಾಮಾನ ಸಂಸ್ಥೆ ಬೆಳಿಗ್ಗೆ 7.36ಕ್ಕೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ವೇಲೆನ್ಸಿಯಾ ವಿಶ್ವವಿದ್ಯಾಲಯ ಹಿಂದಿನ ದಿನವೇ ಮುನ್ಸೂಚನೆ ನೋಡಿ ತರಗತಿ ನಿಲ್ಲಿಸಿತ್ತು. ಜನರ ಮೊಬೈಲಿಗೆ ಸೈರನ್ ಹಾಗೆ ಕೂಗುವ ಸಂದೇಶವನ್ನು ಪ್ರಾಂತೀಯ ಸರ್ಕಾರ ಕಳಿಸಿದ್ದು ರಾತ್ರಿ 8.11ಕ್ಕೆ. ಟೂರಿಸ್ ಎಂಬ ಊರಿನಲ್ಲಿ ಆ ದಿನ 771 ಮಿ.ಮೀ. ಬಿದ್ದಿತ್ತು. ಮಳೆಯೇ ಬಾರದ ಕೆಳಗಿನ ಊರುಗಳಿಗೆ ಆ ನೀರು ಸಂಜೆ ನುಗ್ಗಿತು. ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುತ್ತಿದ್ದವರು, ಕಾರನ್ನು ಮೇಲೆ ತರುತ್ತೇನೆ ಅಂತ ನೆಲಮಾಳಿಗೆಗೆ ಇಳಿದವರು ಸಿಕ್ಕಿಬಿದ್ದರು. ಮೊಬೈಲ್ ಕೂಗುವ ಹೊತ್ತಿಗೆ ಎಷ್ಟೋ ಜನ ಆಗಲೇ ತೀರಿಕೊಂಡಿದ್ದರು. ಒಟ್ಟು ಇನ್ನೂರಿಪ್ಪತ್ತಕ್ಕೂ ಹೆಚ್ಚು. ಮುನ್ಸೂಚನೆ ತಪ್ಪಲಿಲ್ಲ ಅಲ್ಲಿ. ಬೆಳಿಗ್ಗೆ ಗೊತ್ತಿದ್ದದ್ದು ಜನರ ಕೈಗೆ ಬರುವಾಗ ರಾತ್ರಿಯಾಗಿತ್ತು.

ದೊಡ್ಡಪ್ಪ: ದುಡ್ಡಿರುವ ದೇಶದಲ್ಲಿಯೂ.

ಮಗಳು: ದುಡ್ಡಿನ ವಿಷಯ ಅಲ್ಲ ಅದು. ‘ಹೇಳಿ ಹುಸಿಯಾದರೆ ನನ್ನ ಮೇಲೆ ಬರುತ್ತದೆ’ ಅಂತ ಒಬ್ಬರು ಕಾಯುತ್ತಾರೆ, ‘ಮೇಲಿನವರು ಹೇಳಲಿ’ ಅಂತ ಇನ್ನೊಬ್ಬರು. ಆ ಕಾಯುವಿಕೆಯಲ್ಲೇ ಹಗಲು ಕಳೆದುಹೋಗುತ್ತದೆ. 2017ರ ಒಖಿ ಚಂಡಮಾರುತದಲ್ಲಿ ನಮ್ಮ ಪಕ್ಕದ ಕಡಲಲ್ಲಿ ಮತ್ತೊಂದು ಬಗೆ. ಕೇರಳ, ತಮಿಳುನಾಡಿನ ಮೀನುಗಾರರು ಆಳ ಸಮುದ್ರಕ್ಕೆ ಹೋಗಿ ದಿನಗಟ್ಟಲೆ ಆಗಿತ್ತು. ಕಡಲಿಗೆ ಇಳಿಯಬೇಡಿ ಅಂತ ದಡದಲ್ಲಿ ಹೇಳಿದ್ದು ಆಗಲೇ ಇಳಿದವರಿಗೆ ಕೇಳುವುದು ಹೇಗೆ? ಅವರ ಮಟ್ಟಿಗೆ ಕೊನೆಯ ಗಳಿಗೆ ದೋಣಿ ಬಿಟ್ಟ ದಿನವೇ ಮುಗಿದಿತ್ತು.

ದೊಡ್ಡಪ್ಪ: ಈಗ ಮೊಬೈಲಿಗೆ ನೇರ ಬರುತ್ತದಂತಲ್ಲ. ಹಿಂದೆ ಒಮ್ಮೆ ಎಲ್ಲರ ಫೋನೂ ಒಟ್ಟಿಗೆ ಕೂಗಿತು, ಪರೀಕ್ಷೆ ಅಂತ ಬರೆದಿತ್ತು.

ಮಗಳು: 2023ರ ಅಕ್ಟೋಬರ್. ಒಳ್ಳೆಯ ವ್ಯವಸ್ಥೆ ಅದು, ಒಂದು ಪ್ರದೇಶದ ಟವರಿನ ಕೆಳಗಿರುವ ಎಲ್ಲ ಫೋನಿಗೂ ಒಮ್ಮೆಲೇ ಹೋಗುತ್ತದೆ.

ದೊಡ್ಡಪ್ಪ: ಟವರ್ ಇದ್ದರೆ. ಇಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಅದರ ಬ್ಯಾಟರಿಯೂ ಮುಗಿಯುತ್ತದೆ. ಮಳೆ ಜೋರಾದಷ್ಟೂ ಫೋನು ಮೂಕ. ನೀನು ಬೆಂಗಳೂರಿನಿಂದ ಆಟಿಯಲ್ಲಿ ಫೋನ್ ಮಾಡಿದರೆ ಸಿಗುವುದಿಲ್ಲವಲ್ಲ, ಅದೇ ಕಥೆ.

ಮಗಳು: ಅದಕ್ಕೇ ಫೋನು ನಡೆಯುತ್ತಿರುವಾಗ, ಬೆಳಕಿರುವಾಗ ತೀರ್ಮಾನ ಆಗಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಬೇಕಾದ ಅರ್ಧ ಸಾಮಾನು ಉಂಟು. ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಉಂಟಲ್ಲ, 1988ರಲ್ಲಿ ಬರ ನೋಡಲೆಂದು ಶುರುವಾದದ್ದು. ಈಗ ಗ್ರಾಮ ಪಂಚಾಯಿತಿಗೊಂದರಂತೆ ಅವರ ಮಳೆಮಾಪಕಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ತಾನಾಗಿ ಲೆಕ್ಕ ಕಳಿಸುತ್ತವೆ. ಅವರ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿಯೂ ಮನುಷ್ಯರೇ ಉತ್ತರ ಕೊಡುತ್ತಾರೆ. ಬಹಳ ರಾಜ್ಯಗಳಲ್ಲಿ ಇಷ್ಟು ದಟ್ಟವಾದ ಜಾಲ ಇಲ್ಲ.

ದೊಡ್ಡಪ್ಪ: ನಾನೂ ಮಾಡುತ್ತೇನೆ ಫೋನು, ಮದ್ದು ಬಿಡುವ ದಿನ. ಮರ್ಯಾದೆಯಿಂದ ಹೇಳುತ್ತಾರೆ. ಆದರೆ ಪಂಚಾಯಿತಿ ಕಟ್ಟಡದ ಮಾಪಕ ಪೇಟೆಯ ಹತ್ತಿರ. ನಮ್ಮ ಬೈಲಿಗೂ ಅದಕ್ಕೂ ಒಂದು ಗುಡ್ಡ ಅಡ್ಡ. ಅಲ್ಲಿ 90 ಅಂದ ದಿನ ಇಲ್ಲಿ 140 ಅಳೆದಿದ್ದೇನೆ.

ಮಗಳು: ಅದಕ್ಕೆ ನಿಮ್ಮ ಪುಸ್ತಕ ಬೇಕಾಗುವುದು. ಈ ಭಾಗದಲ್ಲಿ ದಿನಾ ಮಳೆ ಬರೆಯುವ ಕೃಷಿಕರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತುಂಟು. ಗುಡ್ಡ ಜರಿಯುವುದು ಒಂದು ದಿನದ ಮಳೆಗಲ್ಲ, ಹೆಚ್ಚಾಗಿ ಮೂರು ನಾಲ್ಕು ದಿನ ಕುಡಿದ ಮೇಲೆ ಬೀಳುವ ಮಳೆಗೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಇಳಿದಾಗ ನಿಮ್ಮ ಮಾಪಕದಲ್ಲಿ ಅದಕ್ಕೂ ಹಿಂದಿನ ಮೂರು ದಿನದ ಮೊತ್ತ ಎಷ್ಟಿತ್ತು? ನಮ್ಮ ಹಿಂದಿನ ಗುಡ್ಡದಲ್ಲಿ ಬಿರುಕು ಬಿಟ್ಟದ್ದು ಯಾವ ದಿನ? ಆ ಸಂಖ್ಯೆ ನನ್ನ ಯಾವ ಮಾದರಿಯಲ್ಲೂ ಇಲ್ಲ.

ದೊಡ್ಡಪ್ಪ: ಬರೆದದ್ದುಂಟು. 2022ರ ಆಗಸ್ಟ್ ಮೊದಲ ವಾರದ್ದೂ ಉಂಟು, ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಧರೆ ಬಿದ್ದು ಇಬ್ಬರು ಸಣ್ಣ ಹೆಣ್ಣುಮಕ್ಕಳು ಹೋದರಲ್ಲ, ಆವಾಗಿನದ್ದು. ಆ ಪುಟ ತೆಗೆಯಲು ನನಗೆ ಈಗಲೂ ಕಷ್ಟವಾಗುತ್ತದೆ. ಬರೆದಿಟ್ಟು ಎಂತ ಮಾಡಿದ ಹಾಗಾಯಿತು ಅಂತ.

ಮಗಳು: ಅದನ್ನು ಬಳಸೋಣ. ಮೂರು ದಿನದ ಮೊತ್ತ ಇಷ್ಟಾಗಿ, ಮೇಲಿಂದ ಕೇಸರಿಯೋ ಕೆಂಪೋ ಬಂದಿದ್ದರೆ, ಆ ಸಂಜೆ ಗುಡ್ಡದ ಬುಡದ ಮನೆಗಳವರು ಶಾಲೆಯ ಕಟ್ಟಡಕ್ಕೆ ಹೋಗಿ ಮಲಗುವುದು. ಹೊಸ ಒರತೆ ಕೆಂಪಗೆ ಹರಿದರೆ, ಮರ ವಾಲಿದರೆ, ಅಂಗಳ ಸೀಳಿದರೆ ಮೊತ್ತಕ್ಕೆ ಕಾಯುವುದೂ ಬೇಡ. ಆದರೆ ಈಗ ನನ್ನ ಪ್ರಶ್ನೆ ನಿಮಗೆ. ವರ್ಷಕ್ಕೆ ಮೂರು ಸಲ ಹೋಗಿ ಮಲಗಿದಿರಿ, ಮೂರು ಸಲವೂ ಎಂತದೂ ಆಗಲಿಲ್ಲ. ಗುರುವಾರದ 22ಕ್ಕೆ ಇಷ್ಟು ಬೇಸರ ಮಾಡಿಕೊಂಡವರು ನಾಲ್ಕನೇ ಸಲ ಹೋಗುತ್ತೀರಾ?

ದೊಡ್ಡಪ್ಪ: ಎಲ್ಲಿಯೋ ಕುಳಿತು ಜಿಲ್ಲೆಗಿಡೀ ಹಾಕಿದ ಬಣ್ಣ ನೋಡಿ ಹೋಗುವುದಿಲ್ಲ. ನನ್ನ ಮಾಪಕ ನಾನೇ ನೋಡಿ, ನಾವೇ ಕೂತು ಇಟ್ಟ ಸಂಖ್ಯೆ ದಾಟಿದೆ ಅಂತಾದರೆ ಹೋಗುತ್ತೇನೆ. ಎಂತದೂ ಆಗದಿದ್ದರೆ ಬೆಳಿಗ್ಗೆ ವಾಪಸು ಬಂದು ಹಾಲು ಕರೆಯುವುದು. ಅದನ್ನು ಹುಸಿ ಅಂತ ನಾನು ಹೇಳಲಾರೆ. ಗುಡ್ಡ ಅಷ್ಟು ಕುಡಿದದ್ದಂತೂ ನಿಜ ತಾನೇ.

ಮಗಳು: ಮೊದಲು ಮುನ್ನೂರೈವತ್ತು ಅಂತ ಇಟ್ಟು ನೋಡೋಣವಾ? ಪುಸ್ತಕ ಪೂರ್ತಿ ಲೆಕ್ಕ ಹಾಕಿದ ಮೇಲೆ ಬದಲಿಸಬಹುದು.

ದೊಡ್ಡಪ್ಪ: ಆಟಿಯಲ್ಲಿ ಮೂರು ದಿನಕ್ಕೆ ಮುನ್ನೂರೈವತ್ತು ವರ್ಷಕ್ಕೆ ಎಷ್ಟು ಸಲ ಬರುತ್ತದೆ ಅಂತ ಮೊದಲು ನೋಡು. ನಿನ್ನ ಹಾಗೆ ಇಟ್ಟರೆ ಇಡೀ ತಿಂಗಳು ಶಾಲೆಯಲ್ಲೇ ಮಲಗಬೇಕಾದೀತು. ಮತ್ತೆ ಸಂಖ್ಯೆ ನೀನೊಬ್ಬಳೇ ಹಾಕಬೇಡ. ಮೇಲಿನ ಮನೆಯವರು, ಕೆಳಗಿನವರು, ಪಂಚಾಯಿತಿ ಸದಸ್ಯೆ, ಗ್ರಾಮ ಆಡಳಿತಾಧಿಕಾರಿ, ಆಶಾ ಕಾರ್ಯಕರ್ತೆ, ಎಲ್ಲರೂ ಕೂರಬೇಕು. ತಾವು ಒಪ್ಪಿದ ಸಂಖ್ಯೆಗೆ ಜನ ಏಳುತ್ತಾರೆ. ಕಾಳಜಿ ಕೇಂದ್ರವಾಗುವ ಶಾಲೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತಲೂ ಅವತ್ತೇ ಗೊತ್ತಾಗಬೇಕು. ಮಳೆಯಲ್ಲಿ ಹೆಡ್‌ಮಾಸ್ತರರನ್ನು ಹುಡುಕಿಕೊಂಡು ಹೋಗಲಾಗುವುದಿಲ್ಲ.

ದೊಡ್ಡಮ್ಮ: ಭಾನುವಾರ ಕರೆಯಿರಿ. ಮೊದಲು ಐದು ಗಂಟೆ ಅಂತ ಹೊತ್ತು ಗಟ್ಟಿ ಮಾಡಿ, ಸಂಖ್ಯೆಗೆ ಆಮೇಲೆ ಜಗಳ ಮಾಡಿ. ಅಜ್ಜಿಯನ್ನು ಹೊತ್ತುಕೊಳ್ಳಲು ಇಬ್ಬರು ಗಂಡುಮಕ್ಕಳ ಹೆಸರು ಬರೆದಿಡಿ. ದನಗಳನ್ನು ಎಲ್ಲಿ ಕಟ್ಟುವುದು ಅಂತಲೂ ಮಾತಾಗಬೇಕು. ಹಟ್ಟಿಯಲ್ಲಿ ದನ ಬಿಟ್ಟು ಈ ಬೈಲಿನಲ್ಲಿ ಒಬ್ಬರೂ ಹೊರಡುವುದಿಲ್ಲ, ಅದು ನಿನ್ನ ಕಂಪ್ಯೂಟರಿಗೂ ಹೇಳು ಮಗಳೇ.

ಮಗಳು: ಶಾಲೆಯ ಹಿಂದಿನ ಬಯಲು ಎತ್ತರದಲ್ಲಿ ಉಂಟಲ್ಲ? ಅಲ್ಲಿ ಶೀಟು ಹಾಕಿಸಲು ಪಂಚಾಯಿತಿಯಲ್ಲಿ ಕೇಳಬಹುದು.

ದೊಡ್ಡಪ್ಪ: ಕೇಳೋಣ. ಎಷ್ಟು ದನ ಉಂಟು ಅಂತ ನಾಳೆ ಹಾಲಿನ ಸೊಸೈಟಿಯಲ್ಲಿ ಲೆಕ್ಕ ತರುತ್ತೇನೆ. ನೀನು ಅಷ್ಟರೊಳಗೆ 2018ರ ಆಗಸ್ಟ್ ಪುಟಗಳನ್ನು ಕೂಡಿಸಿ ಇಡು.